ಗುಡ್ಡದ ಇಳಿಜಾರಿಗೆ ಹಾಕಿದ ರಂಗೋಲಿ

ಆ ಭಾನುವಾರವೂ ನನ್ನ ಬೆಳಗು ಎಲ್ಲ ದಿನಗಳ ಹಾಗೆಯೇ ಶುರುವಾಯಿತು. ಐದಕ್ಕೆ ಎದ್ದೆ. ಅಂಗಳ ಗುಡಿಸಿದೆ, ನೀರು ಚಿಮುಕಿಸಿದೆ, ಹೊಸ್ತಿಲ ಮುಂದೆ ರಂಗೋಲಿ ಹಾಕಿದೆ. ಒಳಗೆ ಬಂದು ಚಹಾಕ್ಕಿಟ್ಟು, ರೊಟ್ಟಿಯ ಹಿಟ್ಟಿಗೆ ಬಿಸಿನೀರು ಹೊಯ್ದು, ಅರ್ಧ ನಾದಿದ ಮೇಲೆ ನೆನಪಾಯಿತು: ಇವತ್ತು ರೊಟ್ಟಿ ಅತ್ತೆಯವರ ಪಾಲು, ನಾನು ಗುಡ್ಡದ ಮೇಲಿಂದ ಸೈಕಲ್ಲಿನಲ್ಲಿ ಇಳಿಯಬೇಕು! ಎದೆ ಡವಡವ ಹೊಡೆದುಕೊಳ್ಳತೊಡಗಿತು. ಕೈಗಳು ಮಾತ್ರ ತಮಗೂ ಈ ಎದೆಗೂ ಸಂಬಂಧವೇ ಇಲ್ಲವೆಂಬಂತೆ ಹಿಟ್ಟು ನಾದುತ್ತಲೇ ಇದ್ದವು. ಇಲ್ಲಿಯೇ ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ನನ್ನ ಕೈಗಳು ನನ್ನ ಮಾತು ಕೇಳುವುದಿಲ್ಲ. ಕಂಡವರ ಮನೆಗೆ ಕುಂಕುಮಕ್ಕೆ ಹೋದರೆ ಅವರ ಕಪಾಟಿನ ಮೇಲಿನ ಧೂಳು ಒರೆಸಿ ಬರುತ್ತವೆ. ಒಮ್ಮೆ ನರಗುಂದದಿಂದ ಬರುವ ಬಸ್ಸಿನಲ್ಲಿ ಮುಂದಿನ ಸೀಟಿನ ಹುಡುಗಿಯ ಜಡೆ ಬಿಚ್ಚಿಹೋಗಿತ್ತು. ಬೆಳವಣಕಿ ಬರುವಷ್ಟರಲ್ಲಿ ಅದನ್ನು ಹೆಣೆದು ಮುಗಿಸಿದ್ದೆ. ಆ ಹುಡುಗಿ ಯಾರೆಂದು ನನಗೆ ಗೊತ್ತಿರಲಿಲ್ಲ. ಜಡೆ ಹೆಣೆದವರು ಯಾರೆಂದು ತಿರುಗಿ ನೋಡುವ ಧೈರ್ಯ ಅವಳಿಗೂ ಇರಲಿಲ್ಲ.

ನಮ್ಮ ಮನೆ ಗಜೇಂದ್ರಗಡದ ಹೊಸ ಬಡಾವಣೆಯ ಕೊನೆಯದು. ಹಿತ್ತಲ ಗೋಡೆ ಮುಗಿದಲ್ಲಿ ಒಂದು ಹುಣಸೆಮರ, ಹುಣಸೆಮರ ಮುಗಿದಲ್ಲಿ ಗುಡ್ಡ. ಗುಡ್ಡದ ಮೇಲೆ ಗಾಳಿಯಿಂದ ಕರೆಂಟು ತೆಗೆಯುವ ದೊಡ್ಡ ದೊಡ್ಡ ಫ್ಯಾನುಗಳನ್ನು ಆಗಷ್ಟೇ ನಿಲ್ಲಿಸಿದ್ದರು. ಅವುಗಳ ರೆಕ್ಕೆ ಸಾಗಿಸಲೆಂದು ಮೇಲಕ್ಕೊಂದು ಅಗಲವಾದ ಮಣ್ಣಿನ ರಸ್ತೆಯೂ ಆಗಿತ್ತು. ಕೆಳಕ್ಕೆ ಬರಲು ಮಾತ್ರ ಮೊದಲಿನಿಂದಲೂ ಇದ್ದ ಕಾಲುದಾರಿಗಳೇ. ಕುರಿಗಳು ತುಳಿದು ಮಾಡಿದ್ದು ಕೆಲವು, ಹುಲ್ಲಿನ ಹೊರೆ ಹೊತ್ತ ಹೆಂಗಸರು ತುಳಿದು ಮಾಡಿದ್ದು ಕೆಲವು. ಕುರಿಯ ದಾರಿ ಯಾವುದು, ಹೆಂಗಸರ ದಾರಿ ಯಾವುದು ಎಂದು ನೋಡಿದ ಕೂಡಲೇ ಹೇಳಬಲ್ಲೆ. ಕುರಿಯ ದಾರಿ ಹಸಿರು ಕಂಡಲ್ಲೆಲ್ಲ ಸೊಟ್ಟಗೆ ಹೋಗುತ್ತದೆ, ಹೆಂಗಸರ ದಾರಿ ಸೀದಾ ಒಲೆಯ ಕಡೆಗೆ ಬರುತ್ತದೆ. ಪಕ್ಕದ ಮನೆಯ ಖಾಜಾಬಿಯ ಜೊತೆ ನಾಲ್ಕು ವರ್ಷ ದಿನಾ ವಾಕಿಂಗ್ ಹೋಗಿ ಆ ದಾರಿಗಳ ಒಂದೊಂದು ಕಲ್ಲೂ ನನಗೆ ಪರಿಚಯವಾಗಿತ್ತು. ಇದರಿಂದ ಯಾರಿಗಾದರೂ ಉಪಯೋಗವಾದೀತೆಂದು ಕನಸಿನಲ್ಲಿಯೂ ಎಣಿಸಿರಲಿಲ್ಲ.

ಆದರೆ ಒಂದು ದಿನ ಹುಬ್ಬಳ್ಳಿಯಿಂದ ಅನಿತಾ ಎಂಬ ಲೆಕ್ಚರರ್ ಹುಡುಗಿ ಮೂರು ಜನ ಗೆಳೆಯರೊಂದಿಗೆ ಬಂದಳು. ದಪ್ಪ ಟಾಯರಿನ, ಇಪ್ಪತ್ತೊಂದು ಗೇರಿನ ಸೈಕಲ್ಲುಗಳು. ತಲೆಗೆ ಕಲ್ಲಂಗಡಿ ಹಣ್ಣಿನ ಹೋಳಿನಂಥ ಟೊಪ್ಪಿಗೆ. ಗುಡ್ಡದಿಂದ ಇಳಿಯಲು ದಾರಿ ಹುಡುಕುತ್ತ ನಮ್ಮ ಹಿತ್ತಲಿಗೆ ನೀರು ಕೇಳಲು ಬಂದವರಿಗೆ ನಾನು ನೀರಿನ ಜೊತೆ ದಾರಿಯನ್ನೂ ಕೊಟ್ಟೆ. "ಈ ತಿರುವಿಗೆ ಏನಂತಾರ್ರೀ ಅಕ್ಕಾರ?" ಎಂದು ಅನಿತಾ ವಹಿ ತೆಗೆದು ಕೇಳಿದಳು. ಅದಕ್ಕೆಲ್ಲ ಯಾರು ಹೆಸರಿಟ್ಟಿದ್ದಾರೆ? ಆದರೆ ಕೇಳಿದವರಿಗೆ ಗೊತ್ತಿಲ್ಲ ಎನ್ನುವುದು ಹೇಗೆ? "ಸೆರಗು ಹರಿದ ತಿರುವು" ಎಂದೆ; ನನ್ನದೇ ಸೆರಗು ಜಾಲಿಗೆ ಸಿಕ್ಕು ಹರಿದಿತ್ತು. "ಮುಂದಿಂದು?" "ಹಲ್ಲು ಕಚ್ಚೂ ಇಳಿಜಾರು." ಅವಳು ಎಲ್ಲವನ್ನೂ ಭಕ್ತಿಯಿಂದ ಬರೆದುಕೊಂಡಳು. ಮುಂದಿನ ತಿಂಗಳು ಫ್ಯಾನಿನ ಬುಡದಿಂದ ನಮ್ಮ ಹುಣಸೆಮರದವರೆಗೆ ಒಂದು ಸೈಕಲ್ ಸವಾರಿ ಇಡುತ್ತೇವೆ, ಊರಿನವರೂ ಸೇರಬಹುದು, ಮೊದಲು ಮುಟ್ಟಿದವರಿಗೆ ಬಹುಮಾನ ಎಂದಳು. "ಹೆಂಗಸರೂ?" ಎಂದು ಕೇಳಿದವಳು ನಾನೇ ಎಂದು ನನಗೆ ತಿಳಿದದ್ದು ಅವಳು ನಗುತ್ತ ನನ್ನ ಹೆಸರು ಬರೆದುಕೊಂಡ ಮೇಲೆ.

ನೋಡಿ, ಬೆಳಗಾವಿಯಲ್ಲಿ ನಾನು ಕಾನ್ವೆಂಟಿಗೆ ಹೋಗುತ್ತಿದ್ದದ್ದು ಸೈಕಲ್ಲಿನ ಮೇಲೆಯೇ. ನೀಲಿ ಸ್ಕರ್ಟು, ಬಿಳಿ ಕಾಲುಚೀಲ, ಮಳೆಗೆ ತೋಯ್ದ ರಸ್ತೆ, ಎರಡೂ ಕೈ ಬಿಟ್ಟು ಹೋಗಬಲ್ಲ ಧೈರ್ಯ. ಮದುವೆಯಾಗಿ ಗಡಕ್ಕೆ ಬಂದಾಗ ಪಾತ್ರೆ, ಗಾದಿ, ಹೊಲಿಗೆಯಂತ್ರ ಎಲ್ಲ ನನ್ನ ಜೊತೆ ಲಾರಿ ಹತ್ತಿದವು. ಸೈಕಲ್ ಮಾತ್ರ ತಂಗಿಯ ಪಾಲಾಗಿ ಗೇಟಿನಲ್ಲಿಯೇ ನಿಂತಿತ್ತು. ಇಪ್ಪತ್ತೆರಡು ವರ್ಷಗಳಲ್ಲಿ ಮೂರು ಸಲ ಸೈಕಲ್ಲಿನ ಮಾತು ತೆಗೆದಿದ್ದೆ. ಬಸ್ಟ್ಯಾಂಡಿನ ಹತ್ತಿರ ಸೀರೆಯ ಅಂಗಡಿ ಇಟ್ಟಿರುವ ನಮ್ಮವರು ಗಿರಾಕಿಗೆ ಬಣ್ಣ ಹೋಗುವುದಿಲ್ಲ ಎಂದು ಹೇಳುವಷ್ಟೇ ಶಾಂತವಾಗಿ ಮೂರು ಸಲವೂ "ನೋಡೂಣು" ಎಂದಿದ್ದರು. ಈ ಸಲ ಅವರಿಗೆ ಹಾಗೆ ಅನ್ನಲಾಗಲಿಲ್ಲ.

"ಈ ವಯಸ್ಸಿನ್ಯಾಗ ಗುಡ್ಡದಿಂದ ಸೈಕಲ್ಲ? ನಿನಗೇನ ಹುಚ್ಚಗಿಚ್ಚ ಹಿಡದೈತೇನ?"

"ಹೆಸರು ಬರಸೀನ್ರಿ."

"ಬಿದ್ದ ಕಾಲು ಮುರಕೊಂಡ್ರ?"

"ಬೀಳೂದಿಲ್ರಿ."

ಅವರು ಒಂದು ನಿಮಿಷ ಅಡಕೆ ಅಗಿದರು. "ಆತು. ಮಾತಂದ್ರ ಮಾತು. ಬೀಳಲಾರದ ಹುಣಸಿಮರ ಮುಟ್ಟಿದ್ರ ಸೈಕಲ್ ನಿಂದು. ಬಿದ್ಯೋ, ಈ ಮನ್ಯಾಗ ಇನ್ನ ಸೈಕಲ್ ಅನ್ನೂ ಶಬ್ದ ಕೇಳಬಾರದು. ಕಬೂಲ?"

"ಕಬೂಲ್" ಎಂದುಬಿಟ್ಟೆ.

ಖಾಜಾಬಿಯ ಗಂಡ ರಾಜೇಸಾಬರದು ಸೈಕಲ್ ಅಂಗಡಿ. ತಾಸಿನ ಬಾಡಿಗೆಗೆ ಕೊಡುವ ಸೈಕಲ್ಲುಗಳ ಸಾಲಿನ ಕೊನೆಯಲ್ಲಿ ಒಂದು ಹಸಿರು ಲೇಡೀಸ್ ಸೈಕಲ್ ಇತ್ತು; ಗೆದ್ದರೆ ನಮ್ಮವರು ಕೊಡಿಸಬೇಕಾದದ್ದು ಅದನ್ನೇ. ಅದರ ಮೇಲೆ ನನ್ನ ಕಣ್ಣು ಎಷ್ಟು ದಿನದಿಂದ ಇತ್ತೆಂದರೆ ಅದರ ಗಂಟೆಯ ಮೇಲಿನ ತುಕ್ಕಿನ ಆಕಾರವೂ ನನಗೆ ಬಾಯಿಪಾಠವಾಗಿತ್ತು. ಊರೆಲ್ಲ ಊಟ ಮಾಡಿ ಅಡ್ಡಾಗುವ ಮಧ್ಯಾಹ್ನದ ಹೊತ್ತಿನಲ್ಲಿ, ಶಾಲೆಯ ಬಯಲಿನಲ್ಲಿ, ಅದರ ಮೇಲೆ ನನ್ನ ಅಭ್ಯಾಸ ನಡೆಯಿತು. ಕೈ ಮರೆತಿರಲಿಲ್ಲ, ಕಾಲೂ ಮರೆತಿರಲಿಲ್ಲ. ನಡುವಿನ ದೇಹ ಮಾತ್ರ ಬೇರೆ ಯಾರದೋ ಆಗಿಹೋಗಿತ್ತು. "ಬ್ರೇಕ್ ಮ್ಯಾಲೆ ಎರಡ ಬೊಟ್ಟು ಯಾವಾಗಲೂ ಇರ್ಲಿ ಅಕ್ಕಾರ. ಇಳಿಜಾರಿನ್ಯಾಗ ಸೈಕಲ್ ತಾನ ಓಡತೈತಿ, ನಿಲ್ಲಸೂದಷ್ಟ ನಿಮ್ಮ ಕೆಲಸ" ಎಂದು ರಾಜೇಸಾಬರು ನನಗೆ ಒಂದೇ ಪಾಠ ಹೇಳಿಕೊಟ್ಟರು. ಖಾಜಾಬಿ ಮೆಹಂದಿ ಬಣ್ಣದ ಒಂದು ಚೂಡಿದಾರ ಹೊಲಿದುಕೊಟ್ಟಳು. ಚೂಡಿದಾರವೆಂಬುದನ್ನು ನಾನು ಹಾಕಿದ್ದೇ ಅದು ಮೊದಲ ಸಲ. ಕನ್ನಡಿಯ ಮುಂದೆ ನಿಂತು ನನ್ನ ಎರಡು ಕಾಲುಗಳನ್ನು ಬೇರೆಬೇರೆಯಾಗಿ ನೋಡಿ ಬಹಳ ಹೊತ್ತು ಸಂತೋಷಪಟ್ಟೆ.

ಹೀಗೆ ಎಲ್ಲ ಸಿದ್ಧವಾಗಿ, ಆ ಭಾನುವಾರ ನಾನು ಹಿಟ್ಟಿನ ಕೈಯಲ್ಲಿಯೇ ಚಹಾ ಕುಡಿಯುತ್ತಿರುವಾಗ ಹಿತ್ತಲ ಬಾಗಿಲು ದಬದಬ ಬಡಿದ ಸದ್ದಾಯಿತು. ಅನಿತಾ. ಮುಖ ಸಣ್ಣದಾಗಿತ್ತು.

"ಅಕ್ಕಾರ, ಭಾಳ ಫಜೀತಿ ಆತ್ರಿ. ದಾರಿಗೆ ಬಾಣದ ಗುರುತು ಹಾಕಬೇಕಲ್ಲ, ಆ ಸುಣ್ಣದ ಪುಡಿ ಚೀಲಾನ ಹುಬ್ಬಳ್ಳ್ಯಾಗ ಬಿಟ್ಟು ಬಂದೇವ್ರಿ. ಎಂಟಕ್ಕ ಸವಾರಿ ಶುರು. ಈಗ ಸುಣ್ಣ ಎಲ್ಲಿ ಸಿಗತೈತ್ರಿ?"

"ಸುಣ್ಣ ಯಾಕವಾ, ನನ್ನ ಕಡೆ ರಂಗೋಲಿ ಐತಲ್ಲ" ಎಂದೆ. ನಮ್ಮ ಅತ್ತೆಯವರು ರಂಗೋಲಿ ಮಾರುವವಳು ಬಂದರೆ ಸೇರಿನ ಲೆಕ್ಕದಲ್ಲಿ ಕೊಳ್ಳುವವರಲ್ಲ, ಅವಳ ಬುಟ್ಟಿಯನ್ನೇ ಬೋರಲು ಹಾಕಿಸಿಕೊಳ್ಳುವವರು. ಅನಿತಾಳ ಮುಖ ಅರಳಿತು. "ದೇವರು ಸಿಕ್ಕಂಗ ಸಿಕ್ಕ್ರಿ ನೋಡ್ರಿ! ದಾರಿ ಒಡೆಯೂ ಕಡೆ ಎಲ್ಲಾ ಒಂದೊಂದು ಬಾಣ. ದೂರದಿಂದ ಕಾಣಬೇಕು, ದೊಡ್ಡದ ಹಾಕ್ರಿ. ನೀವ ಹಾಕ್ರಿ, ದಾರಿ ನಿಮಗಷ್ಟ ಗೊತ್ತು." ನನ್ನನ್ನೂ ಖಾಜಾಬಿಯನ್ನೂ ಜೀಪಿನಲ್ಲಿ ಗುಡ್ಡದ ತುದಿಗೆ ಬಿಟ್ಟು, ಅವಳು ಬಂದವರ ಹೆಸರು ಕೂಗಲು ಹೋದಳು.

ಮದುವೆಯಾಗಿ ಬಂದ ಹೊಸತರಲ್ಲಿ ನನಗೆ ರಂಗೋಲಿ ಬರುತ್ತಿರಲಿಲ್ಲ ಎಂಬುದನ್ನು ನೀವು ತಿಳಿಯಬೇಕು. ಕಾನ್ವೆಂಟಿನ ಸಿಸ್ಟರ್‌ಗಳು ನನಗೆ ಅಂಚು ಬಿಟ್ಟು ಬರೆಯುವುದನ್ನು, ಕರವಸ್ತ್ರದ ಮೂಲೆಗೆ ಹೂ ಕಸೂತಿ ಮಾಡುವುದನ್ನು, ಮೆಲ್ಲಗೆ ಮಾತಾಡುವುದನ್ನು ಕಲಿಸಿದ್ದರು; ನೆಲದ ಮೇಲೆ ಪುಡಿ ಬಿಡುವುದನ್ನು ಕಲಿಸಿರಲಿಲ್ಲ. ನನ್ನ ಮೊದಲ ರಂಗೋಲಿ ನೋಡಿ ಅತ್ತೆಯವರು, "ಕೋಳಿ ಬಂದಿತ್ತೇನ ಅಂಗಳಕ್ಕ?" ಎಂದು ಕೇಳಿದ್ದರು. ಆ ಒಂದು ಮಾತಿಗೆ ಇಪ್ಪತ್ತೆರಡು ವರ್ಷಗಳಿಂದ ದಿನಾ ಬೆಳಿಗ್ಗೆ ಉತ್ತರ ಕೊಡುತ್ತಿದ್ದೇನೆ.

ಮೊದಲಿನ ಎರಡು ಬಾಣಗಳನ್ನು ಬರೀ ಬಾಣವಾಗಿಯೇ ಹಾಕಿದೆ, ಆಣೆ ಮಾಡಿ ಹೇಳುತ್ತೇನೆ. ಮೂರನೆಯದು ಸೆರಗು ಹರಿದ ತಿರುವಿನದು. ಅಲ್ಲಿ ದಾರಿ ಎರಡಾಗುತ್ತದೆ. ಎಡದ್ದು ನಮ್ಮ ಹುಣಸೆಮರಕ್ಕೆ, ಬಲದ್ದು ಮುಶಿಗೇರಿಯ ಕಡೆಯ ಹೊಲಗಳಿಗೆ. ಎಡದಾರಿಯ ಬಾಯಿಗೆ ಖಾಜಾಬಿ ಟೊಂಗೆಯಿಂದ ನೆಲ ಗುಡಿಸಿ ಎಷ್ಟು ಚೊಕ್ಕ ಮಾಡಿಕೊಟ್ಟಳೆಂದರೆ, ಅಲ್ಲಿ ಬರೀ ಬಾಣ ಹಾಕುವುದು ಆ ನೆಲಕ್ಕೆ ಅವಮಾನ ಮಾಡಿದಂತೆ ಅನಿಸಿತು. ಬಾಣದ ಎರಡೂ ಬದಿಗೆ ಒಂದೊಂದು ಬಳ್ಳಿ ಎಳೆದೆ. ಬಳ್ಳಿ ಎಂದ ಮೇಲೆ ಹೂವು ಬೇಡವೇ? ಹೂವು ಬಂತು. ಚೀಲದಲ್ಲಿ ಕೈ ಹಾಕಿದರೆ ಬಣ್ಣದ ಡಬ್ಬಿಗಳು. ಅವನ್ನು ಯಾವಾಗ ತುಂಬಿಕೊಂಡಿದ್ದೆನೋ, ನನ್ನ ಕೈಗಳನ್ನೇ ಕೇಳಬೇಕು.

"ಅಕ್ಕಾರ, ಬಾಣ ಎಲ್ಲಿ ಹೋತ್ರಿ?" ಎಂದಳು ಖಾಜಾಬಿ.

"ಇಲ್ಲೇ ಐತಲ್ಲ, ಕಮಲದ ನಡುವ."

"ಹಾಂ, ಈಗ ಕಾಣ್ತು ನೋಡ್ರಿ" ಎಂದು ಅವಳು ತಲೆ ವಾಲಿಸಿ, ಕಣ್ಣು ಕಿರಿದು ಮಾಡಿ, ಉಪಕಾರದ ದನಿಯಲ್ಲಿ ಹೇಳಿದಳು. ಅಲ್ಲಿಂದ ಇಳಿಯುತ್ತ ಬಂದಂತೆ ನನ್ನ ಉತ್ಸಾಹ ಏರುತ್ತ ಹೋಯಿತು. ಎಂಟನೆಯದಕ್ಕೆ ನವಿಲು ಬಂದವು. ಹನ್ನೊಂದನೆಯದು, ಹುಣಸೆಮರದ ಮುಂದಿನದು, ಗೌರಿಹಬ್ಬಕ್ಕೂ ನಾನು ಹಾಕಿರದಂಥದ್ದು. ದಾರಿಯ ಈ ಅಂಚಿನಿಂದ ಆ ಅಂಚಿಗೆ, ಒಂದು ಬೆರಳು ಜಾಗವಿಲ್ಲದೆ. ಹಿಂದಿರುಗಿ ನೋಡಿದರೆ ಗುಡ್ಡಕ್ಕೇ ಮದುವೆ ಗೊತ್ತಾದಂತೆ ಕಾಣುತ್ತಿತ್ತು.

ಜೀಪು ನನ್ನನ್ನು ಮತ್ತೆ ಮೇಲಕ್ಕೆ ತಂದಿತು; ಎಂಟು ಗಂಟೆಗೆ ಫ್ಯಾನಿನ ಬುಡದಲ್ಲಿ ನಿಂತೆವು. ಹುಬ್ಬಳ್ಳಿಯವರು, ಊರಿನ ಪಡ್ಡೆಗಳು, ನಾನು. ಅನಿತಾ ತನ್ನ ಹತ್ತಿರವಿದ್ದ ಹೆಚ್ಚಿನ ಸೈಕಲ್ಲೊಂದನ್ನು ನನಗೆ ಕೊಟ್ಟಿದ್ದಳು. ಟೊಪ್ಪಿಗೆ ನನ್ನ ತುರುಬಿನ ಮೇಲೆ ಕೂರಲಿಲ್ಲವಾದ್ದರಿಂದ ತುರುಬು ಬಿಚ್ಚಿ ಜಡೆ ಹಾಕಿಕೊಂಡೆ. ಒಂದೇ ಕ್ಷಣದಲ್ಲಿ ಮೂವತ್ತು ವರ್ಷ ಇಳಿದುಹೋದವು. "ನೀವು ಕಡೀಕ ಬರ್ರಿ ಅಕ್ಕಾರ, ಸಾವಕಾಶ" ಎಂದು ಅನಿತಾ ಸೀಟಿ ಊದಿದಳು. ಎಲ್ಲರೂ ಕಲ್ಲು ಕಂಡ ಗುಬ್ಬಿಗಳಂತೆ ಹಾರಿಹೋದರು. ನಾನು ದೇವರ ಹೆಸರು ಹೇಳಿ ಬ್ರೇಕು ಸಡಿಲಿಸಿದೆ.

ಏನು ಹೇಳಲಿ! ಗಾಳಿ ಕಿವಿಯಲ್ಲಿ ಹಾಡಿತು. ಚೂಡಿದಾರ ಪಟಪಟ ಬಡಿಯಿತು. ದಿನಾ ಏದುಸಿರು ಬಿಡುತ್ತ ಒಂದೊಂದಾಗಿ ದಾಟುತ್ತಿದ್ದ ಕಲ್ಲುಗಳು "ಏ, ಇಕಿ ನಮ್ಮ ಅಕ್ಕಾರಲ್ಲೇನ?" ಎನ್ನುವಷ್ಟರಲ್ಲಿ ಹಿಂದೆ ಹೋಗಿದ್ದವು. ಕೆಳಗೆ ಗಡದ ಮಾಳಿಗೆಗಳು, ಬಸ್ಟ್ಯಾಂಡು, ಒಣಹಾಕಿದ ಬಣ್ಣದ ನೂಲು ಎಲ್ಲ ಒಟ್ಟಿಗೆ ನನ್ನತ್ತ ಎದ್ದು ಬಂದವು. "ಅಯ್ಯಯ್ಯೋ" ಎಂದು ಕೂಗಿದೆ; ಹೆದರಿಕೆಯ ಕೂಗೆಂದುಕೊಂಡಿದ್ದೆ, ಕೇಳಿದರೆ ನಗೆಯಾಗಿತ್ತು. ಒಂದನೆಯ ಬಾಣ ದಾಟಿತು, ಎರಡನೆಯದೂ ದಾಟಿತು. ಸೆರಗು ಹರಿದ ತಿರುವಿಗೆ ಬಂದೆ, ಎರಡು ಬೊಟ್ಟುಗಳು ತಾವಾಗಿಯೇ ಬ್ರೇಕು ಒತ್ತಿದವು, ನಿಂತೆ.

ನನ್ನ ಮುಂದೆ ನನ್ನ ರಂಗೋಲಿ, ಒಂದು ಎಸಳೂ ಅಲುಗದೆ ಇತ್ತು. ಟಾಯರಿನ ಗುರುತುಗಳೆಲ್ಲ ಅದರ ಹತ್ತಿರ ಬಂದು, ನಿಂತು, ಒಂದಿಷ್ಟು ವಿಚಾರ ಮಾಡಿ, ಬಹಳ ಮರ್ಯಾದೆಯಿಂದ ಬಲಕ್ಕೆ ತಿರುಗಿದ್ದವು. ಹುಬ್ಬಳ್ಳಿಯವರಾದರೇನು, ಗಡದವರಾದರೇನು, ಎಲ್ಲರ ಮನೆಯಲ್ಲೂ "ರಂಗೋಲಿ ತುಳೀಬ್ಯಾಡೋ" ಎಂದು ತಲೆಗೆ ಮೊಟಕಿದ ಒಬ್ಬ ತಾಯಿ ಇದ್ದಾಳೆ. ಎಡಕ್ಕೆ ಹೋಗಿ ಎಂದು ನಾನು ಹಾಕಿದ್ದು ಎಡದಾರಿಗೆ ಬೀಗ ಹಾಕಿದಂತಾಗಿತ್ತು! ಬಲಗಡೆಯ ಇಳುಕಲಿನಲ್ಲಿ, ದೂರದಲ್ಲಿ, ಕೆಂಪು ಹಳದಿ ಟೊಪ್ಪಿಗೆಗಳು ಮುಶಿಗೇರಿಯ ಕಡೆಗೆ ಸಂಭ್ರಮದಿಂದ ಇಳಿಯುತ್ತಿದ್ದವು. "ಆ ದಾರಿ ಅಲ್ರೀ!" ಎಂದು ಕೂಗಿದೆ. ಆದರೆ ಮೆಲ್ಲಗೆ ಮಾತಾಡಲು ಕಲಿತ ಗಂಟಲು ಅದು. ಹತ್ತಿರದಲ್ಲಿದ್ದ ಒಂದು ಕುರಿ ಮಾತ್ರ ತಲೆಯೆತ್ತಿ ನೋಡಿತು.

ಈಗ ಉಳಿದದ್ದು ನಾನು ಮತ್ತು ಎಡದ ದಾರಿ. ಕೆಳಗೆ ಹೋಗಿ ಸುದ್ದಿ ಮುಟ್ಟಿಸಬೇಕು. ಹಸಿರು ಸೈಕಲ್ಲಿನ ಕರಾರೂ ನೆನಪಿತ್ತು, ಸುಳ್ಳೇಕೆ ಹೇಳಲಿ? ರಂಗೋಲಿಯ ಮೇಲೆ ಹಾಯಿಸಿದರೆ ಆಯಿತು, ಹಾಕಿದವಳು ನಾನೇ, ನೋಡುವವರು ಯಾರೂ ಇಲ್ಲ. ಪೆಡಲಿನ ಮೇಲೆ ಕಾಲಿಟ್ಟೆ. ಆಗಲಿಲ್ಲ. ಮತ್ತೆ ಇಟ್ಟೆ. ಕುರಿ ನೋಡುತ್ತಿತ್ತು. ಕೊನೆಗೆ ಇಳಿದು, ಸೈಕಲ್ ಒರಗಿಸಿ, ಕುಕ್ಕರುಗಾಲಿನಲ್ಲಿ ಕೂತು ಅಂಗೈಯಿಂದ ಇಡೀ ರಂಗೋಲಿಯನ್ನು ಒರೆಸಿದೆ. ಹಾಕಿದವಳು ತುಳಿಯುವಂತಿಲ್ಲ, ಆದರೆ ಕೈಯಿಂದ ಒರೆಸಬಹುದು. ನಿನ್ನೆಯದನ್ನು ಅಳಿಸಿಯೇ ತಾನೆ ಇವತ್ತಿನದನ್ನು ಹಾಕುವುದು? ಮತ್ತೆ ಹತ್ತಿದೆ, ಮತ್ತೆ ಹಾರಿದೆ, ಮತ್ತೆ ನಾಲ್ಕನೆಯದು. ಇಳಿದೆ, ಒರೆಸಿದೆ. ನವಿಲುಗಳನ್ನು ಒರೆಸುವಾಗ ಕಣ್ಣಲ್ಲಿ ನೀರು ಬಂತು, ಎಷ್ಟು ಚಲೋ ಬಂದಿದ್ದವು! ಹೀಗೆ ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತ ಬಂದದ್ದರಿಂದ ಬೀಳಲು ಬೇಕಾದಷ್ಟು ವೇಗವೇ ನನಗೆ ಸಿಗಲಿಲ್ಲ.

ಹಲ್ಲು ಕಚ್ಚುವ ಇಳಿಜಾರಿನಲ್ಲಿ ಮಾತ್ರ ಸಿಕ್ಕಿತು. ಅಲ್ಲಿಂದ ಹುಣಸೆಮರದವರೆಗೆ ಸೀದಾ ಇಳುಕಲು. ಹಲ್ಲು ಕಚ್ಚಿದೆ. ಮರದ ಕೆಳಗೆ ಕುರ್ಚಿ ಹಾಕಿಕೊಂಡು ಕೂತಿದ್ದ ಅತ್ತೆ, ನಿಂತಿದ್ದ ಖಾಜಾಬಿ, ರಾಜೇಸಾಬರು, ಓಣಿಯ ಅರ್ಧ ಜನ ಎಲ್ಲ ಚಪ್ಪಾಳೆ ತಟ್ಟತೊಡಗಿದರು. ಅವರೆಲ್ಲರ ಮುಂದೆ ಕೈ ಚಾಚಿ ನಿಂತಿದ್ದ ನಮ್ಮವರು "ಸಾವಕಾಶ!" ಎನ್ನಲಿಲ್ಲ, "ಬಿದ್ದೀ!" ಎನ್ನಲಿಲ್ಲ, ಎರಡೂ ಕೈ ಬೀಸಿ, "ಏ, ರಂಗೋಲಿ! ರಂಗೋಲಿ!" ಎಂದು ಅರಚಿದರು. ಹನ್ನೊಂದನೆಯದು! ಎಲ್ಲ ಹತ್ತು ಬೊಟ್ಟುಗಳಿಂದ ಬ್ರೇಕು ಹಿಡಿದೆ. ಹಿಂದಿನ ಗಾಲಿ ಜಾರಿತು, ಧೂಳೆದ್ದಿತು, ಸೈಕಲ್ ಒಂದು ಬದಿಗೆ ವಾಲಿತು, ನಾನು ಇನ್ನೊಂದು ಬದಿಗೆ ಜಿಗಿದೆ. ಧೂಳು ಇಳಿದಾಗ ಸೈಕಲ್ ಮಲಗಿತ್ತು, ನಾನು ನಿಂತಿದ್ದೆ. ಕಮಲದ ಎಸಳಿಗೂ ನನ್ನ ಚಪ್ಪಲಿಗೂ ನಡುವೆ ಒಂದು ಗೇಣು.

"ನಮ್ಮ ಸೊಸಿ ಹಿಟ್ಟಿನ ಗಿರಣ್ಯಾಗಿಂದ ಬಂದಂಗ ಬಂದಾಳ ನೋಡ್ರಿ" ಎಂದರು ಅತ್ತೆ. ಮೊಣಕೈಯವರೆಗೆ ನಾನು ಬೆಳ್ಳಗಿದ್ದೆ.

"ಬಿದ್ಯಲ್ಲ!" ಎಂದರು ನಮ್ಮವರು, ಉಸಿರು ಬಂದ ಕೂಡಲೇ.

"ಬಿದ್ದದ್ದು ಸೈಕಲ್ರಿ ಅಣ್ಣಾರ" ಎಂದಳು ಖಾಜಾಬಿ. "ಕರಾರು ಅಕ್ಕಾರ ಬೀಳೂದಲ್ಲೇನ್ರಿ? ಅಕ್ಕಾರ ನಿಂತಾರ ನೋಡ್ರಿ, ಕಂಬ ನಿಂತಂಗ."

ನಾನು ಬಗ್ಗಿ ಹನ್ನೊಂದನೆಯದನ್ನೂ ಒರೆಸಿ, ಸೈಕಲ್ ಎಬ್ಬಿಸಿ, ನಡೆದುಹೋಗಿ ಹುಣಸೆಮರ ಮುಟ್ಟಿದೆ. ಮೊದಲ ಸ್ಥಾನ. ಎರಡನೆಯ ಸ್ಥಾನ ಒಂದೂವರೆ ತಾಸಿನ ಮೇಲೆ ಬಂತು. ಮುಶಿಗೇರಿಯ ಹೊಲಗಳಿಂದ, ದಾರಿ ತೋರಿಸಲು ಬಂದ ಕುರುಬರ ಅಜ್ಜನೊಬ್ಬನ ಹಿಂದೆ, ಜಾಲಿಮುಳ್ಳು ಚುಚ್ಚಿ ಗಾಳಿ ಹೋದ ಸೈಕಲ್ಲುಗಳನ್ನು ತಳ್ಳುತ್ತ, ಇಪ್ಪತ್ತೊಂದು ಗೇರುಗಳ ಮೆರವಣಿಗೆ. ರಾಜೇಸಾಬರು ಪಂಕ್ಚರಿನ ಡಬ್ಬಿ ಬಿಚ್ಚಿ ಕೂತರು. ಆ ದಿನ ಅವರಷ್ಟು ಸಂತೋಷಪಟ್ಟವರು ಇನ್ನೊಬ್ಬರಿಲ್ಲ.

"ಎರಡ ಬಾಣ ಕಂಡೂರಿ ಅಕ್ಕಾರ, ಮುಂದ ಬಾಣಾನ ಇಲ್ಲ!" ಎಂದಳು ಅನಿತಾ, ನೀರು ಗಟಗಟ ಕುಡಿಯುತ್ತ. "ಯಾರೋ ಹರಕಿ ತೀರ್ಸಿರಬೇಕು, ಅಲ್ಲಿ ಒಂದು ರಂಗೋಲಿ ಹಾಕ್ಯಾರ್ರಿ, ಅಗದೀ ಛಂದ! ಅದರ ಮ್ಯಾಲೆ ಹ್ಯಾಂಗ ಹೋಗೂದ್ರಿ? ಕೈ ಮುಗದು ಬಲಕ್ಕ ಹೊಂಟಿವಿ. ನೀವು ಬಾಣ ಹಾಕಲೇ ಇಲ್ಲೇನ್ರಿ?"

ಆ ಎರಡರ ಮುಂದೆಯೂ ಹಾಕಿದ್ದೆ ಎಂದು ತೋರಿಸಲು ಒಂದೂ ಉಳಿದಿರಲಿಲ್ಲ. ಎಲ್ಲವನ್ನೂ ನನ್ನ ಕೈಯಾರೆ ಒರೆಸಿ ಬಂದಿದ್ದೆ. ಬಿಳಿಯಾದ ಎರಡು ಅಂಗೈಗಳನ್ನು ಅವಳ ಮುಂದೆ ಚಾಚಿ, ಪ್ರಿನ್ಸಿಪಾಲರ ಮುಂದೆ ನಿಂತ ಹುಡುಗಿಯಂತೆ, ಆ ಹರಕೆ ನನ್ನದೇ ಎಂದು ಒಪ್ಪಿಕೊಂಡೆ. ಆಮೇಲೆ ಅನಿತಾ ನಗಲು ಶುರುಮಾಡಿದವಳು ನೆಲಕ್ಕೆ ಕೂತೇಬಿಟ್ಟಳು. ಪಡ್ಡೆಗಳು ನಕ್ಕರು, ಪಂಕ್ಚರಿನ ನೀರಿಗೆ ಟ್ಯೂಬು ಅದ್ದುತ್ತಿದ್ದ ರಾಜೇಸಾಬರು ನಕ್ಕರು. "ಛಂದಿತ್ತು ಅಂತ ಅಂದ್ಯಲ್ಲವಾ, ಖರೇನ?" ಎಂದು ಅತ್ತೆಯವರು ಮಾತ್ರ ಅದೊಂದನ್ನೇ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು. ಇಪ್ಪತ್ತೆರಡು ವರ್ಷಗಳ ಕೋಳಿ ಅವತ್ತು ಅಂಗಳ ಬಿಟ್ಟು ಹೋಯಿತು. ಬಹುಮಾನದ ನೀರಿನ ಬಾಟಲಿ ಬೇಡವೆಂದರೂ ಅನಿತಾ ಬಿಡಲಿಲ್ಲ. "ದಾರಿ ಗೊತ್ತಿದ್ದವರು ಗೆದ್ರಿ, ಅಷ್ಟ" ಎಂದಳು.

ನಮ್ಮವರು ಮಾತಿನ ಮನುಷ್ಯ. ಸಂಜೆ ರಾಜೇಸಾಬರು ಹಸಿರು ಸೈಕಲ್ಲನ್ನು ಒರೆಸಿ, ಎಣ್ಣೆ ಬಿಟ್ಟು, ಗಂಟೆಯ ತುಕ್ಕು ತಿಕ್ಕಿ ತಂದು ನಮ್ಮ ಅಂಗಳದಲ್ಲಿ ನಿಲ್ಲಿಸಿದರು. ನಾನು ಗಂಟೆ ಬಾರಿಸಿದೆ. ಅದು ಬೆಳಗಾವಿಯ ಗಂಟೆಯ ಹಾಗೆಯೇ ಕೇಳಿಸಿತು. ಹ್ಯಾಂಡಲ್ಲಿಗೆ ಮಲ್ಲಿಗೆ ಸುತ್ತಿದೆ, ಕುಂಕುಮ ಹಚ್ಚಿದೆ, ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟೆ. ಮೊದಲ ಸವಾರಿ ಬಸ್ಟ್ಯಾಂಡಿನವರೆಗೆ, ಒಬ್ಬಳೇ, ಯಾರನ್ನೂ ಕೇಳದೆ! ಅತ್ತೆಯವರಿಗೆ ಹೇಳಿ, ದೇವರಿಗೆ ಊದಿನಕಡ್ಡಿ ಹಚ್ಚಿ, ಚಪ್ಪಲಿ ಮೆಟ್ಟಿ, ಸೈಕಲ್ ಹಿಡಿದು ಗೇಟಿನ ಹತ್ತಿರ ಬಂದೆ. ಬಂದು ನಿಂತೆ.

ಗೇಟಿನ ಬಾಯಿಗೆ, ಈ ಕಂಬದಿಂದ ಆ ಕಂಬದವರೆಗೆ, ಮನೆಗೆ ಸೈಕಲ್ ಬಂದ ಸಂತೋಷಕ್ಕೆ ಯಾರೋ ದೊಡ್ಡದೊಂದು ಕಮಲ ಹಾಕಿದ್ದರು. ನೀರು ಚಿಮುಕಿಸಿದ ನೆಲ ಇನ್ನೂ ಹಸಿಯಾಗಿತ್ತು. ನನ್ನ ಬೆರಳಿನ ಸಂದಿಯಲ್ಲಿ ಪುಡಿ ಇತ್ತು.

ನಾನು ಕಮಲವನ್ನು ನೋಡುತ್ತ, ಸೈಕಲ್ಲನ್ನು ನೋಡುತ್ತ ನಿಂತಿರುವಾಗ, ತನ್ನ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತ ಕೂತಿದ್ದ ಖಾಜಾಬಿ ಮೊರದಿಂದ ತಲೆ ಕೂಡ ಎತ್ತದೆ ಹೇಳಿದಳು:

"ಹಿತ್ತಲ ಬಾಗಲದಿಂದ ತಗೊಂಡು ಹೋಗ್ರಿ ಅಕ್ಕಾರ. ಅಲ್ಲಿ ಇನ್ನಾ ನಿಮ್ಮ ಕೈ ಮುಟ್ಟಿಲ್ಲ."